ಹಂಬರ್ ಕಾಡಿನ ಪತ್ರಿ

ರೆಕ್ಸ್‌ಡೇಲ್, ಟೊರಾಂಟೊ
೧೬ ಅಕ್ಟೋಬರ್ ೨೦೨೫

ಪ್ರೀತಿಯ ಹೆಡ್‌ಮಾಸ್ತರರಿಗೆ ನಿಮ್ಮ ಗಿರಿಜೆಯ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ಹೇಗಿದೆ? ನಮ್ಮ ಹಿರಿಯ ಮಗ ನಿಜಗುಣನ ಹೆಂಡತಿ ಎಣ್ಣೆ ಕಾಯಿಸಿಕೊಟ್ಟರೆ ಹಚ್ಚಿಕೊಳ್ಳುತ್ತೀರೋ, ಇಲ್ಲ ಪೇಪರಿನಲ್ಲಿ ಮುಖ ಹುದುಗಿಸಿ 'ಆಮ್ಯಾಲೆ' ಎನ್ನುತ್ತೀರೋ? ಫೋನಿನಲ್ಲಿ ಕೇಳೋಣವೆಂದರೆ, ಎಲ್ಲಿ ಈರೇಶ ಲೈನಿಗೆ ಬಂದುಬಿಡುತ್ತಾನೋ ಎಂದು 'ಆರಾಮ ಅದೀನಿ' ಅಂದು ಇಟ್ಟೇಬಿಡುತ್ತೀರಿ. ಎಂಜಿನಿಯರಿಂಗ್ ಓದಿದ ಮಗ ಇಲ್ಲಿ ಟ್ರಕ್ ಓಡಿಸುತ್ತಾನೆಂದು ಎರಡು ವರ್ಷದಿಂದ ಅವನ ಸಂಗಡ ಮಾತು ಬಿಟ್ಟಿದ್ದೀರಿ. ಆ ಸಿಟ್ಟಿಗೆ ನನ್ನ ಫೋನೂ ಬಲಿ. ಅದಕ್ಕೇ ಈ ಕಾಗದ. ಮೊಮ್ಮಗಳು ಅಕ್ಷರಾ ಇದರ ಫೋಟೋ ತೆಗೆದು ನಿಜಗುಣನ ಮೊಬೈಲಿಗೆ ಕಳಿಸುತ್ತಾಳೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಭಾನುವಾರ ಎಲ್ಲರೂ ಹಂಬರ್ ನದಿ ಪಕ್ಕದ ಕಾಡಿಗೆ ಹೋಗಿದ್ದೆವು. ಸೊಸೆ ಸೌಮ್ಯಾ ನನಗೆ ಸೀರೆಯ ಮೇಲೆ ಈರೇಶನ ಜಾಕೆಟ್ಟು, ಕೈಗೆ ಗ್ಲೌಸು, ತಲೆಗೆ ಉಣ್ಣೆಯ ಟೊಪ್ಪಿಗೆ ಏರಿಸಿದಳು. ನೀವು ನೋಡಿದ್ದರೆ ಗುರುತೇ ಹಿಡಿಯುತ್ತಿರಲಿಲ್ಲ. ಆದರೆ ಆ ಕಾಡು, ಏನು ಹೇಳಲಿ! ಒಂದು ಮೇಪಲ್ ಮರ ಅರಿಶಿನ, ಇನ್ನೊಂದು ಕುಂಕುಮ, ಕೆಲವುಗಳಲ್ಲಿ ಎರಡೂ. ಕಾಲಿಟ್ಟಲ್ಲೆಲ್ಲ ಒಣಗಿದ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಅಕ್ಷರಾ ಎಲೆಯ ರಾಶಿಗೆ ಹಾರಿಕೊಂಡಳು. ಯಾರೂ ನೋಡುತ್ತಿಲ್ಲವೆಂದು ನಾನೂ ಒಂದು ರಾಶಿಯನ್ನು ಒದ್ದು ಚೆಲ್ಲಾಡಿದೆ, ಸೌಮ್ಯಾ ವೀಡಿಯೊ ಮಾಡಿಬಿಟ್ಟಳು. ನದಿಯಲ್ಲಿ ಮೊಳದುದ್ದದ ಸಾಲ್ಮನ್ ಮೀನುಗಳು ಸೆಳವಿಗೆ ಎದುರಾಗಿ ಜಿಗಿಯುತ್ತಿದ್ದವು. ಒಂದು ಜಿಗಿದರೆ ದಂಡೆಯ ಮೇಲಿನವರೆಲ್ಲ ಚಪ್ಪಾಳೆ ತಟ್ಟುವರು. ಜನ್ಮದಲ್ಲಿ ಮೀನು ಮುಟ್ಟದ ನಾನೂ ತಟ್ಟಿದೆ. ಇಲ್ಲಿ ಗುರುತಿಲ್ಲದವರೂ ಎದುರಾದರೆ ಹಾಯ್ ಎನ್ನುತ್ತಾರೆ. ನಾನು ಎಲ್ಲರಿಗೂ ಶರಣು ಹೇಳುತ್ತಾ ಹೋದೆ, ಸ್ವೆಟರು ತೊಟ್ಟ ಒಂದು ನಾಯಿಗೂ.

ಇನ್ನು ನನ್ನ ಪರಾಕ್ರಮ ಕೇಳಿ. ಪತ್ರಿಯಿಲ್ಲದ ಲಿಂಗಪೂಜೆ ನನಗೆ ಉಪ್ಪಿಲ್ಲದ ಊಟವೆಂದು ನಿಮಗೆ ಗೊತ್ತು. ನಮ್ಮ ದೇಶದವರ ಅಂಗಡಿಗಳಿರುವ ಜೆರಾರ್ಡ್ ಬಜಾರಿನಲ್ಲಿ ಬಿಲ್ವ ಕೇಳಿದರೆ ಪುಡಿಯ ಡಬ್ಬಿ ಕೈಗಿಟ್ಟಿದ್ದರು. ಈ ಕಾಡಿನ ದಾರಿಯಂಚಿನಲ್ಲಿ ನೋಡಿದರೆ ಒಂದೊಂದು ತೊಟ್ಟಿಗೂ ಮೂರೆಲೆ, ಕೆಂಪಗೆ ಮಿರಮಿರ ಮಿಂಚುತ್ತಿವೆ! ಶಿವ ಈ ದೇಶಕ್ಕೆ ಕೆಂಪು ಬಿಲ್ವ ಕೊಟ್ಟಿದ್ದಾನೆಂದು ಹಿಗ್ಗಿ ಹಿಡಿ ತುಂಬ ಕಿತ್ತೆ. ಇನ್ನೇನು ಕಣ್ಣಿಗೆ ಒತ್ತಿಕೊಳ್ಳಬೇಕು, “ಅಜ್ಜೀ, ನೋ! ಪಾಯ್ಸನ್ ಐವಿ!” ಎಂದು ಅಕ್ಷರಾ ಚೀರಿದಳು. ನನಗೆ ತಿಳಿಯುವಷ್ಟರಲ್ಲಿ ಈರೇಶ ಓಡಿಬಂದು ಅಷ್ಟನ್ನೂ ಕಸಿದು ಎಸೆದ. “ಯವ್ವಾ, ಕಣ್ಣಿಗೆ ಹಚ್ಕೊಂಡಿದ್ರ ಏನ್ ಗತಿ ಆಗ್ತಿತ್ತು!” ಅಂದ. ಮುಟ್ಟಿದರೆ ಮೈಯೆಲ್ಲ ತುರಿಸಿ ಬೊಬ್ಬೆ ಏಳಿಸುವ ವಿಷದ ಬಳ್ಳಿಯಂತೆ ಅದು. ಗ್ಲೌಸು ಇದ್ದುದರಿಂದ ನನಗೇನೂ ಆಗಲಿಲ್ಲ, ಗಾಬರಿಯಾಗಬೇಡಿ. ಆಮೇಲೆ ಬೆಂಚಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು, ನನ್ನ ಬಿಲ್ವದ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೋಮವಾರ ಲಿಂಗಕ್ಕೆ ಒಂದು ಹಳದಿ ಮೇಪಲ್ ಎಲೆ ಏರಿಸಿದೆ. ಶಿವ ತಕರಾರು ಮಾಡಲಿಲ್ಲ.

ನಿಜಗುಣನಿಗೆ, ಅವನ ಹೆಂಡತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿಮಗೆ ಅರ್ಧ ಶರಣು, ಅರ್ಧ ಸಿಟ್ಟು.

ನಿಮ್ಮ
ಗಿರಿಜವ್ವ

ತಾ.ಕ.: ಅಕ್ಷರಾ ಫೋನು ಹಿಡಿದು ಅವಸರ ಮಾಡುತ್ತಿದ್ದಾಳೆ. ಒಂದು ಮಾತು ಮುಚ್ಚಿಟ್ಟಿದ್ದೆ. ಈರೇಶನ ಕೈಗೆ ಗ್ಲೌಸು ಇರಲಿಲ್ಲ. ಬೆರಳ ಸಂದಿಯಿಂದ ಮೊಣಕೈವರೆಗೆ ಬೊಬ್ಬೆ ಎದ್ದಿವೆ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ವಾಸಿಯಾಗುತ್ತದೆ. ಸ್ಟಿಯರಿಂಗ್ ಹಿಡಿಯಲಾಗದೆ ಮನೆಯಲ್ಲೇ ಇದ್ದಾನೆ, ನಾನೇ ಕಲಸಿ ತುತ್ತು ಕೊಡುತ್ತಿದ್ದೇನೆ. ನಿನ್ನೆ ಉಣ್ಣುತ್ತಾ “ಅಪ್ಪಗ ಹೇಳಬ್ಯಾಡವ್ವಾ, ಸುಮ್ನ ಚಿಂತಿ ಮಾಡ್ತಾನ” ಅಂದ. ನೀವು ಅವನ ಚಿಂತೆ ಮಾಡುತ್ತೀರೆಂದು ಅವನು ಇನ್ನೂ ನಂಬಿದ್ದಾನೆ, ನೋಡಿ. ಇವತ್ತೇ ಫೋನ್ ಮಾಡಿ. ಅವನಿಗೆ ಹಿಡಿಯಲು ಆಗುವುದಿಲ್ಲ, ನಾನೇ ಅವನ ಕಿವಿಗೆ ಹಿಡಿಯುತ್ತೇನೆ.