ಶೋಭಿತಾಳ ಕೈಯಲ್ಲಿದ್ದ ಹಾಲು

ಮಳವಳ್ಳಿ, 12 ಜನವರಿ 2025, ಭಾನುವಾರ

1. ಅವ್ವ ತೀರಿಕೊಂಡು ಮೂರು ದಿನವಾಯಿತು.
2. ಇಂದು ಬೆಳಿಗ್ಗೆ ಸಮಾಧಿಗೆ ಹಾಲು ತುಪ್ಪ ಬಿಟ್ಟೆವು.
3. ನಲವತ್ತು ವರ್ಷ ಅವ್ವ ಕಬಡ್ಡಿ ಕಲಿಸಿದ ಹುಡುಗಿಯರಲ್ಲಿ ಹದಿನಾಲ್ಕು ಮಂದಿ ಮದ್ದೂರು, ಮಂಡ್ಯದ ಕಡೆಯಿಂದ ಮೊದಲ ಬಸ್ಸಿಗೇ ಬಂದಿದ್ದರು.
4. ಅವರಲ್ಲಿ ಒಬ್ಬರೂ ಹಾಲು ಬಿಡಲಿಲ್ಲ.

ನಾಲ್ಕನೆಯದಕ್ಕೆ ಕಾರಣ ನಾನು.

ಆ ಹುಡುಗಿಯರಲ್ಲಿ ಒಬ್ಬಳಾದ ಶೋಭಿತಾ ಲೋಟ ಹಿಡಿದು ಮುಂದೆ ಬಂದಾಗ ದೊಡ್ಡಪ್ಪ ಕೈ ಅಡ್ಡ ಹಿಡಿದರು. "ನೀನ್ಯಾರವ್ವ? ರಕ್ತ ಸಂಬಂಧದೋರು ಬುಡ್ಬೇಕು ಕಣಮ್ಮ."

"ನಾನೂ ಅವ್ವ ಅಂತ್ಲೇ ಕರೀತಿದ್ದೆ ಕಣಜ್ಜ. ಮಂಡಿ ಮುರ್ಕೊಂಡು ಬಿದ್ದಿದ್ದಾಗ ಮೂರು ತಿಂಗ್ಳು ನಂಗೆ ನೀರು ಉಯ್ದೋರು ಅವ್ರೇ."

"ಅಂಗಂದ್ರೆ ಇಡೀ ತಾಲ್ಲೂಕೇ ಸಾಲಾಗಿ ನಿಂತ್ಕತದೆ, ಬುಡು!"

ಅವಳು ನನ್ನ ಕಡೆ ನೋಡಿದಳು. ನಾನು ಕೈಗಡಿಯಾರ ನೋಡಿಕೊಂಡೆ. ಲೋಟದ ಹಾಲನ್ನು ಚೆಲ್ಲಲೂ ಮನಸ್ಸಾಗದೆ, ಅವಳು ಹಾಗೇ ಹಿಡಿದುಕೊಂಡು ರಸ್ತೆಯವರೆಗೆ ನಡೆದು ಹೋದಳು. ಉಳಿದ ಹದಿಮೂರು ಮಂದಿಯೂ ಅವಳ ಹಿಂದೆಯೇ ಹೊರಟರು.

ನನಗೆ ಹನ್ನೆರಡು ವರ್ಷವಿದ್ದಾಗಿನಿಂದ ಅವ್ವನ ಸಂಜೆಗಳೆಲ್ಲ ಕಬಡ್ಡಿ ಮೈದಾನದಲ್ಲೇ ಕಳೆದವು. ನಾನು ಒಬ್ಬನೇ ಕುಳಿತು ಲೆಕ್ಕ ಮಾಡುತ್ತಿದ್ದೆ; ಕತ್ತಲಾದ ಮೇಲೆ ಅವಳು ಮಣ್ಣು ಮೆತ್ತಿದ ಸೀರೆಯಲ್ಲಿ ಬಂದು ಮುದ್ದೆ ತೊಳಸುತ್ತಿದ್ದಳು. ಆ ಹುಡುಗಿಯರ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಅವ್ವನಿಗೆ ಎಂದೂ ಹೇಳಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಅವಳ ಸಮಾಧಿಯ ಮುಂದೆ, ಅದನ್ನೇ ತೀರಿಸಿಕೊಂಡೆನೇ?

ನಾನು ಕೆಲಸ ಮಾಡುವ ಶಿವನಸಮುದ್ರದ ವಿದ್ಯುದಾಗಾರದಲ್ಲಿ ತಪ್ಪಾದರೆ ಅದೇ ಪಾಳಿಯಲ್ಲಿ ಬರೆದಿಡಬೇಕು. ಇಲ್ಲಿ ಬರೆದಿದ್ದೇನೆ.

ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಅವ್ವನ ಸೀಟಿ ಇನ್ನೂ ಮೊಳೆಯಲ್ಲೇ ತೂಗುತ್ತಿದೆ.

ಹನ್ನೊಂದನೆಯ ದಿನ ಮತ್ತೆ ಸಮಾಧಿಗೆ ಹೋಗಬೇಕು. ಶೋಭಿತಾಳಿಗೆ ನಾನೇ ಫೋನು ಮಾಡಿ ಕರೆಯುತ್ತೇನೆ. ಮೊದಲು ಆ ಹದಿನಾಲ್ಕು ಮಂದಿ ಹಾಲು ಬಿಡಲಿ; ನಾನು ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ.