ಜೋರಾಗಿ ಓದಬೇಕಾದ ಕಾಗದ

ಜೆಜು ದ್ವೀಪ, ೧೯೩೩
ಏಳನೆಯ ತಿಂಗಳು, ಹನ್ನೆರಡು

ದುಡಿಮೆಗೆಂದು ಕಡಲು ದಾಟಿ ಹೋಗಿ, ಬುಸಾನಿನ ಬಿಡಾರದಲ್ಲಿ ಒಲೆಯ ಸುತ್ತ ಆಸೀನವಾಗಿರುವ ಮಹಾಸಭೆಗೆ ನಮಸ್ಕಾರ. ಅಲೆಯ ಕೆಳಗೆ ಇಳಿದವರೇ, ಬಲೆಯ ತುಂಬ ಚಿಪ್ಪು ತಂದವರೇ, ನೆಲೆಯಲ್ಲೇ ಉಳಿದ ಈ ಗಂಡಸಿನ ಕಾಗದ ಕೇಳಲು ಕೂತವರೇ! ಅಧ್ಯಕ್ಷೆ ಮಂದೋಕ್ ಅಜ್ಜಿ ದಯವಿಟ್ಟು ಕೆಮ್ಮು ನಿಲ್ಲಿಸಬೇಕು. ಓಕ್‌ಯನ್, ಅಲ್ಲಿ ಅಕ್ಷರ ಬಲ್ಲವಳು ನೀನೊಬ್ಬಳೇ ತಂಗಿ, ಗಂಟಲು ಸರಿಮಾಡಿಕೊ.

ಪ್ರೀತಿಯ ಹೋಂಗ್‌ಮೇ,

ಉತ್ತರ ತಡವಾಯಿತು. ಹೊಲದಲ್ಲಿ ಕಳೆ, ಮನೆಯಲ್ಲಿ ಮಗಳ ರಗಳೆ ಎಂದು ಪ್ರಾಸ ಕಟ್ಟಿ ತಪ್ಪಿಸಿಕೊಳ್ಳಬಹುದಿತ್ತು. ನಿಜವಾದ ಕಾರಣ ನಿನ್ನ ಹಿಂದಿನ ಕಾಗದದ ಕೊನೆಯ ಸಾಲು. "ನಿನಗೆ ಹೇಳೋದು ಇನ್ನೊಂದಿದೆ. ಅದನ್ನ ಓಕ್‌ಯನ್ ಕೈಲಿ ಬರೆಸೋಕಾಗಲ್ಲ." ಇಪ್ಪತ್ತು ದಿನದಿಂದ ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ. ಒಳ್ಳೆಯದೋ ಕೆಟ್ಟದ್ದೋ, ಮುಂದಿನ ತಿಂಗಳ ಹುಣ್ಣಿಮೆ ಹಬ್ಬಕ್ಕೆ ನೀನು ಮನೆಗೆ ಬರುತ್ತೀಯೋ ಇಲ್ಲವೋ, ತಿಳಿಯುವ ದಾರಿಯಿಲ್ಲ.

ಮಗಳು ಸೊಂಗ್ಜಿಗೆ ಮೂರು ತುಂಬಿತು. ಅವಳಿಗೆ ಜಡೆ ಹೆಣೆಯಲು ಕಲಿತಿದ್ದೇನೆ. ನನ್ನ ಅಮ್ಮ ನೋಡಿ, "ಏನೋ ಇದು, ಜಡೆನೋ ಹಗ್ಗಾನೋ? ಮಗೂನ ಕುದುರೆ ಜೊತೆ ಕಟ್ಟಾಕ್ತೀಯಾ?" ಎಂದರು. ಜೋಳದ ಗಂಜಿ ಈಗ ತಳ ಹಿಡಿಯುವುದಿಲ್ಲ. ಪಾಚಿ ಸಾರು ಮಾತ್ರ ಇನ್ನೂ ಸಮುದ್ರದ ನೀರಿನಂತೆಯೇ ಇರುತ್ತದೆ, ಮಗಳು ಅದನ್ನು "ಅಮ್ಮನ ಊರು" ಅನ್ನುತ್ತಾಳೆ.

ಮರದ ಕೆಳಗೆ ಕೂತು ಕುಡಿಯುವ ಗಂಡಸರು ಮೊನ್ನೆ ನನ್ನನ್ನು ಕಂಡು ಕೂಗಿದರು: "ಏನ್ರೀ ತೇಗ್ಯು ಅತ್ತಿಗೆ, ನಿಮ್ಮ ಯಜಮಾನರು ಯಾವಾಗ ಬರ್ತಾರೆ?"

"ಹುಣ್ಣಿಮೆಗೆ ಬರ್ತಾರೆ. ನಿಮ್ಮ ಯಜಮಾನರು ಮನೇಲಿ ಬೈತಿದ್ದಾರೆ, ಏಳ್ರಪ್ಪಾ," ಅಂದೆ.

ಇಂಥ ಮಾತಿಗೆ ನನಗೆ ಎಂದೂ ನಾಚಿಕೆಯಾಗಿಲ್ಲ, ಸುಳ್ಳಲ್ಲ. ನೆನಪಿದೆಯಾ, ದಡದಲ್ಲಿ ನೀವೆಲ್ಲ ಮುಳುಗಿ ಬಂದು ಬೆಂಕಿಗೆ ಮೈ ಕಾಯಿಸಿಕೊಳ್ಳುವ ಕಲ್ಲುಗೋಡೆಯ ಹತ್ತಿರ ಎಳೆಗೂಸನ್ನು ಹಾಲಿಗೆ ತರುತ್ತಿದ್ದೆ. ಗಂಡಸು ಇಣುಕುವಂತಿಲ್ಲ, ಮುಖ ತಿರುಗಿಸಿ, ಮಗುವನ್ನು ಗೋಡೆಯ ಮೇಲೆ ಎತ್ತಿ ಹಿಡಿಯುತ್ತಿದ್ದೆ. ನಿನ್ನ ತಣ್ಣನೆಯ ಒದ್ದೆ ಕೈ ನನ್ನ ಮಣಿಕಟ್ಟಿನ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಇರುತ್ತಿತ್ತು. ಮಗು ಹಸಿಯದ ದಿನವೂ ಅದಕ್ಕಾಗಿ ಓಡಿಬಂದಿದ್ದೇನೆ. (ಅಜ್ಜಿ, ನಗಬೇಡಿ.)

ಮದುವೆಯ ಮಾತು ಎತ್ತಿದವಳೂ ನೀನೇ. "ಈಜು ಬರಲ್ಲ, ದೋಣಿ ಹತ್ತಿದ್ರೆ ವಾಂತಿ. ನಿನಗೆ ಬರೋದಾದ್ರೂ ಏನು?" ಎಂದು ಕೇಳಿದೆ. "ಓದು," ಅಂದೆ ನಾನು. "ಸರಿ ಹಾಗಾದ್ರೆ. ನಾನು ಮುಳುಗ್ತೀನಿ, ನೀನು ಓದು. ಮದುವೆಯಾಗೋಣ."

ಹೆಂಗಸು ದುಡಿದು ತಂದಳು, ಗಂಡಸು ಬೇಯಿಸಿಟ್ಟ. ನಮಗದು ಸರಿಯಾಗಿಯೇ ಕೂತಿತ್ತು.

ನಿನ್ನ ಉಸಿರು ನೀರಿನಡಿಯಲ್ಲಿ ನೀಳವಾಗಲಿ. ಅಲ್ಲಿರುವ ಎಲ್ಲರೂ ಕ್ಷೇಮವಾಗಿ ದಡ ಸೇರಲಿ.

ನಿನ್ನ
ಬು ತೇಗ್ಯು

ಮರೆತ ಮಾತು: ಮರೆತದ್ದಲ್ಲ. ಓಕ್‌ಯನ್, ಇನ್ನು ಪ್ರಾಸವಿಲ್ಲ. ಒಂದಕ್ಷರವನ್ನೂ ನುಂಗದೆ ಜೋರಾಗಿ ಓದು. ಹೆಂಡತಿಗೆ ಗುಟ್ಟಾಗಿ ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೇನೆ.

ಹೋಂಗ್‌ಮೇ, ಎರಡು ವರ್ಷದ ಹಿಂದೆ ಸಮುದ್ರದಲ್ಲಿ ಮುಳುಗಿ ಚಿಪ್ಪು ತರುವ ಹೆಂಗಸರಿಗೆಂದು ನಮ್ಮೂರ ಮೇಷ್ಟ್ರು ಸಂಜೆ ಶಾಲೆ ತೆರೆದರಲ್ಲ, ಓಕ್‌ಯನ್ ಕಲಿತದ್ದು ಅಲ್ಲೇ. ನೀನು ಮೊದಲ ದಿನವೇ ಸೀಸದಕಡ್ಡಿ ತಂದಿಟ್ಟುಕೊಂಡು, ಹೆಸರು ಬರೆಸಿ ಬಾ ಎಂದು ನನ್ನನ್ನು ಕಳಿಸಿದೆ. "ಜಾಗ ಇಲ್ವಂತೆ," ಎಂದು ನಾನು ಬಂದು ಹೇಳಿದೆ. ಜಾಗ ಇತ್ತು. "ನನ್ನ ಹೆಂಡತಿಗೆ ಇಷ್ಟ ಇಲ್ಲ," ಎಂದು ಮೇಷ್ಟ್ರಿಗೆ ಹೇಳಿದವನು ನಾನು. ಮುಳುಗುವುದೂ ನೀನೇ, ಓದುವುದೂ ನೀನೇ ಆದರೆ ನಾನು ಯಾಕೆ ಬೇಕು ಎಂದು ಹೆದರಿದೆ.

"ಹೋಗ್ಲಿ ಬಿಡು, ನಿನಗಾದ್ರೂ ಆಗುತ್ತೆ," ಎಂದು ನೀನು ಆ ಕಡ್ಡಿಯನ್ನು ನನಗೇ ಕೊಟ್ಟೆ. ಈ ಕಾಗದ ಬರೆದಿರುವುದು ಅದರಲ್ಲೇ.