ಟೀಚರಮ್ಮನ ಎಡಗಡೆ

ಮನೆಯಿಂದ,
ಗುರುವಾರ ಮಧ್ಯಾಹ್ನ, ಮಾರ್ಚ್ ೧೪

ಸಮುದ್ರದ ಮೇಲೆ ತೇಲುತ್ತಿರುವ ನಮ್ಮ ಮನೆಯವರಿಗೆ, ನೆಲದ ಮೇಲಿರುವವಳ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಸೊಂಟ ಹಿಡಿದುಕೊಳ್ಳುವುದು ಕಡಿಮೆಯಾಯಿತೇ? ಮುಲಾಮಿನ ಡಬ್ಬಿಯನ್ನು ಬೂದು ಬಣ್ಣದ ಕಾಲುಚೀಲದೊಳಗೆ ಸುತ್ತಿಟ್ಟಿದ್ದೇನೆ. ಹಡಗು ಹತ್ತಿ ನಾಲ್ಕು ತಿಂಗಳಾದರೂ ನೀವು ಆ ಕಾಲುಚೀಲ ತೆಗೆದಿರಲಾರಿರಿ ಎಂದು ನನಗೆ ಗೊತ್ತು. ಎಂಜಿನ್ ಕೋಣೆಯ ಸೆಕೆಯಿಂದ ಬಂದವರು ಹಾಗೇ ಗಾಳಿಗೆ ಮೈಯೊಡ್ಡಿ ನಿಲ್ಲಬೇಡಿ. ನನ್ನ ವಿಷಯ ಕೇಳುವುದೇ ಬೇಡ, ಗುಂಡುಕಲ್ಲಿನ ಹಾಗಿದ್ದೇನೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ನಾನೇ ವಾಷರ್ ಬದಲಿಸಿದೆ. ಇನ್ನು ಮುಂದೆ ಈ ಮನೆಯಲ್ಲಿ ನೀವೊಬ್ಬರೇ ಮೆಕ್ಯಾನಿಕ್ ಎಂದು ಮೀಸೆ ತಿರುವುವಂತಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ಕೂತು ಓದಿ. ನಿಮ್ಮ ಮುದ್ದಿನ ನಾಯಿ ಗಲಾಟೆಯ ಹಿಂಗಾಲು ಮುರಿದಿದೆ. ಗಾಬರಿಯಾಗಬೇಡಿ, ಪಟ್ಟಿ ಹಾಕಿಸಿದ್ದೇನೆ. ನಿಮ್ಮ ಹಳೆಯ ಸ್ವೆಟರಿನ ಮೇಲೆ ಮಲಗಿಕೊಂಡು ಮಹಾರಾಜನಂತೆ ಸೇವೆ ಮಾಡಿಸಿಕೊಳ್ಳುತ್ತಿದ್ದಾನೆ. ಒದ್ದವಳು ನಮ್ಮ ಟೀಚರಮ್ಮ. ಹೌದು, ಅದೇ ಒಕ್ಕಣ್ಣಿನ ಹೆಣ್ಣು ಕುದುರೆ, ಹನ್ನೆರಡು ವರ್ಷದಿಂದ ನಮ್ಮ ಸವಾರಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಆ ಹೆಸರು ಗಳಿಸಿದವಳು. ಒದೆಯುವ ಕುದುರೆ ಮಕ್ಕಳ ಹತ್ತಿರ ಇರಕೂಡದು ಎಂದು ಶಾಲೆಯ ಒಡತಿ ಮೇಡಂ ಅವಳನ್ನು ಶನಿವಾರ ಕುದುರೆ ದಲ್ಲಾಳಿಗೆ ಕೊಟ್ಟು ಕಳಿಸುತ್ತಾರಂತೆ. ಅವನ ಲಾರಿ ಹತ್ತಿದ ಮುದಿ ಕುದುರೆಗಳನ್ನು ಮತ್ತೆ ಕಂಡವರಿಲ್ಲ. ಇದನ್ನು ನಾನು ಆಗಗೊಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಡಗು ಹತ್ತುವ ದಿನ ನೀವು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ನೆನಪಿದೆ. "ಇವನನ್ನ ಕುದುರೆಗಳ ಮಧ್ಯೆ ಬಿಡಬೇಡ ಕಣೇ, ಅವುಗಳ ಲೋಕವೇ ಬೇರೆ, ಇವನದೇ ಬೇರೆ." ನಾನು ನಕ್ಕುಬಿಟ್ಟಿದ್ದೆ. ಇಪ್ಪತ್ತೆರಡು ವರ್ಷ ಕುದುರೆ ಮೈ ಉಜ್ಜಿದವಳಿಗೆ ಎಂಜಿನ್ನಿಗೆ ಎಣ್ಣೆ ಬಿಡುವವರು ಬುದ್ಧಿ ಹೇಳುವುದೇ ಎಂದು ನನಗೆ ಕೊಂಬು ಬಂದಿತ್ತು. ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಅವನು ಬಾಗಿಲು ಕೆರೆದು ಊಳಿಡುತ್ತಿದ್ದ, ಪಕ್ಕದ ಮನೆಯ ದರ್ಜಿ ದಿನಾ ದೂರು ತರುತ್ತಿದ್ದ. ಅದಕ್ಕೇ ಶಾಲೆಯ ಕುದುರೆ ಲಾಯಕ್ಕೆ ಕರೆದುಕೊಂಡು ಹೋದೆ. ಲಾಯದ ಅರ್ಧಬಾಗಿಲ ಮೇಲೆ "ನಾಯಿಗಳಿಗೆ ಪ್ರವೇಶವಿಲ್ಲ" ಎಂಬ ಹಾಳೆ ಇರುವುದು ನಿಜ. ಆದರೆ ಬೀಗದ ಕೈ ನನ್ನ ಸೊಂಟದಲ್ಲಿ, ಮೇಡಂ ಬರುವುದು ಹತ್ತು ಗಂಟೆಗೆ. ಅಷ್ಟರಲ್ಲಿ ಗಲಾಟೆಯನ್ನು ಜೀನುಗಳ ಕೋಣೆಗೆ ಸೇರಿಸುತ್ತಿದ್ದೆ.

ಕುದುರೆಗೆ ನಾಯಿಯಿಂದ ತೊಂದರೆ ಎಂದರೆ ಎರಡೇ, ಬೊಗಳುವುದು ಮತ್ತು ಹಿಮ್ಮಡಿ ಕಚ್ಚಲು ಹೋಗುವುದು ಎಂದುಕೊಂಡಿದ್ದೆ. ಎರಡನ್ನೂ ಬಿಡಿಸಿದೆ. ಜೇಬಿನಲ್ಲಿ ಬಿಸ್ಕತ್ತಿನ ಚೂರು ಇಟ್ಟುಕೊಂಡು, ಬೊಗಳದೆ ಇದ್ದಾಗಲೆಲ್ಲ ಒಂದೊಂದು ಕೊಟ್ಟು, ಮೂರೇ ವಾರದಲ್ಲಿ ಅವನ ಬಾಯಿಗೆ ಬೀಗ ಹಾಕಿದೆ. ನೀವು ನೋಡಬೇಕಿತ್ತು! ಬೆಕ್ಕಿನ ಹಾಗೆ ಹೆಜ್ಜೆಯಿಡುತ್ತಿದ್ದ. ಲಾಳ ಹೊಡೆಯುವವನು ಕೊರೆದು ಹಾಕಿದ ಗೊರಸಿನ ಚೂರುಗಳನ್ನು ಕಚ್ಚಿಕೊಂಡು ಹೋಗಿ ಟೀಚರಮ್ಮನ ಹುಲ್ಲಿನಲ್ಲೇ ಬಿದ್ದುಕೊಂಡು ಅಗಿಯುತ್ತಿದ್ದ. ಅವಳೂ ಅವನ ಬೆನ್ನ ಮೇಲೆ ಮೂಗಿಟ್ಟು ತೂಕಡಿಸುತ್ತಿದ್ದಳು. ಬೆಳಗಿನ ತರಗತಿಯ ಮಕ್ಕಳಿಗೆ ಸವಾರಿಗಿಂತ ಅದೇ ಹೆಚ್ಚಾಗಿತ್ತು. ನಾನಂತೂ ಸರ್ಕಸ್ ಕಂಪನಿಯ ಒಡತಿಯ ಹಾಗೆ ಬೀಗುತ್ತಿದ್ದೆ.

ಟೀಚರಮ್ಮನ ಎಡಗಣ್ಣು ಕಾಣುವುದಿಲ್ಲವಲ್ಲ, ಆ ಕಡೆಯಿಂದ ಹೋಗುವವರು ಯಾರೇ ಆಗಲಿ ನಾಲ್ಕು ಹೆಜ್ಜೆ ದೂರದಿಂದಲೇ "ಬಂದೆ ಟೀಚರಮ್ಮ, ಬಂದೆ" ಎನ್ನಬೇಕು. ಮೊದಲನೇ ದಿನ ಬಂದ ಮಗುವಿಗೂ ನಾನು ಕಲಿಸುವ ಮೊದಲನೇ ಪಾಠ ಇದು. ಲಾಳದವನು ಹೇಳುತ್ತಾನೆ, ಗೊಬ್ಬರ ಎತ್ತುವವಳು ಹೇಳುತ್ತಾಳೆ, ಮೇಡಂ ಕೂಡ ಹೇಳುತ್ತಾರೆ. ಅಂಥ ಲಾಯದಲ್ಲಿ ಒಂದು ಪ್ರಾಣಿಗೆ ಸದ್ದೇ ಮಾಡದಂತೆ ಕಲಿಸಿದವಳು ನಾನು. ಕೂಗಿ ಹೇಳಲು ಅವನಿಗೆ ಇದ್ದದ್ದು ಅದೊಂದೇ ಬಾಯಿ. ಅದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಎರಡು ದಿನದಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಮಂಗಳವಾರ ಬೆಳಗ್ಗೆ ಎಂಟರ ಸುಮಾರಿಗೆ ಹಲ್ಲಿನ ಡಾಕ್ಟರ ಎಂಟು ವರ್ಷದ ಮಗಳು ಟೀಚರಮ್ಮನ ಬಲಭುಜಕ್ಕೆ ಬ್ರಷ್ ಹಾಕುತ್ತಿದ್ದಳು. ನಾನು ಎದುರಿಗೇ ನಿಂತು ಹಗ್ಗ ಹಿಡಿದಿದ್ದೆ. ಅಷ್ಟು ಹೊತ್ತು ಎಲ್ಲೋ ಇದ್ದ ಗಲಾಟೆ ಎಡಗಡೆಯಿಂದ ಸದ್ದಿಲ್ಲದೆ ಬಂದು ಅವಳ ಹಿಂಗಾಲಿಗೆ ಮೈ ಉಜ್ಜಿದ. ಟೀಚರಮ್ಮನಿಗೆ ಅದು ಸ್ನೇಹಿತನೋ ಹಾವೋ ಹೇಗೆ ತಿಳಿಯಬೇಕು? ಒದ್ದಳು. ಗಲಾಟೆ ಹಾರಿ ಅರ್ಧಬಾಗಿಲಿಗೆ ಬಡಿದ. ಅವಳು ಬೆದರಿ ಬಲಕ್ಕೆ ಜಿಗಿದಾಗ ಹುಡುಗಿ ಗೋಡೆಗೂ ಕುದುರೆಗೂ ನಡುವೆ ಸಿಕ್ಕಿಕೊಂಡಳು. ಹಗ್ಗ ಜಗ್ಗಿ, ಭುಜ ಕೊಟ್ಟು ತಳ್ಳಿ ಹುಡುಗಿಯನ್ನು ಹೊರಗೆಳೆದೆ. ದೇವರು ದೊಡ್ಡವನು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳು ಅತ್ತದ್ದೂ ನಾಯಿಗಾಗಿಯೇ.

ಪಶುವೈದ್ಯರು ಪಟ್ಟಿ ಕಟ್ಟುತ್ತಾ ಚೆನ್ನಾಗಿ ಮಂಗಳಾರತಿ ಮಾಡಿದರು. "ಸ್ನೇಹ ಏನೋ ನಿಜಾನೇ ಅಮ್ಮ, ಆದ್ರೆ ಒಬ್ಬ ಹದಿನೆಂಟು ಕೆಜಿ, ಇನ್ನೊಬ್ಬಳು ನಾನೂರು. ಅವಳು ತಮಾಷೆಗೆ ಕಾಲೆತ್ತಿದ್ರೂ ಇವನ ಕಥೆ ಮುಗೀತು" ಎಂದರು. ಕುದುರೆಗೆ ಕೊಡುವ ಜಂತುಹುಳದ ಔಷಧಿ ನೆಲಕ್ಕೆ ಬಿದ್ದದ್ದನ್ನು ನೆಕ್ಕಿ ಪ್ರಾಣ ಬಿಟ್ಟ ನಾಯಿಗಳೂ ಉಂಟಂತೆ. ಅದಂತೂ ನನ್ನ ತಲೆಗೇ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ನೀವು ನಂಬುವುದಿಲ್ಲ, ಆದರೂ ಬರೆದಿದ್ದೇನೆ.

ಮೇಡಂಗೆ ಮಾತ್ರ ಪೂರ್ತಿ ಗೊತ್ತಿಲ್ಲ. ನಾಯಿ ತಾನೇ ನುಸುಳಿತು, ಕುದುರೆಗೆ ವಯಸ್ಸಾಗಿ ಸಿಡುಕು ಬಂದಿದೆ ಎಂದು ಅವರೇ ತೀರ್ಮಾನಿಸಿದರು. ಆ ಗಲಿಬಿಲಿಯಲ್ಲಿ ನಾನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಅದೇ ನನಗೆ ನಾಚಿಕೆಯ ವಿಷಯ. ಟೀಚರಮ್ಮ ತಲೆ ತಗ್ಗಿಸಿ ನಿಂತಿದ್ದಾಳೆ. ನಾಳೆ ಬೆಳಗ್ಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ. ಒಂದಿಷ್ಟು ಬೈಗುಳ ತಿನ್ನಬೇಕಾಗುತ್ತದೆ, ತಿನ್ನುತ್ತೇನೆ. ನನ್ನನ್ನು ಬಿಟ್ಟು ಆ ಲಾಯ ಒಂದು ದಿನವಾದರೂ ನಡೆದೀತೇ? ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ, ನಾನು ನೋಡಿಕೊಳ್ಳುತ್ತೇನೆ.

ಹಡಗಿನ ಅಡುಗೆಯವರಿಗೂ ನಿಮ್ಮ ಕೋಣೆಯ ಆ ಗೊರಕೆಯ ಗೆಳೆಯರಿಗೂ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ನಿದ್ದೆ ಮಾಡಿ. ಗಲಾಟೆ ಬಾಲ ಅಲ್ಲಾಡಿಸಿದ್ದಾನೆ, ಅದನ್ನೂ ಇದರೊಳಗೆ ಮಡಚಿಟ್ಟಿದ್ದೇನೆ ಎಂದುಕೊಳ್ಳಿ.

ಎಂದೆಂದಿಗೂ ನಿಮ್ಮ,
ಮನೆಯಾಕೆ (ಈಗ ಮೆಕ್ಯಾನಿಕ್ ಕೂಡ)

ಅಂಟಿಸುವ ಮುಂಚೆ ಇನ್ನೊಂದು. ಶುಕ್ರವಾರ, ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಮೇಡಂಗೆ ಎಲ್ಲ ಹೇಳಿದೆ. ಟೀಚರಮ್ಮ ಉಳಿದಳು. ದಲ್ಲಾಳಿಗೆ ಬರಬೇಡ ಎಂದು ನನ್ನೆದುರೇ ಫೋನ್ ಮಾಡಿದರು. ಫೋನ್ ಇಟ್ಟು ನನ್ನ ಕಡೆ ಕೈ ಚಾಚಿದರು. ಲಾಯದ ಬೀಗದ ಕೈ ಕೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಕುದುರೇದು ತಪ್ಪಲ್ಲ ಅಂದ್ರೆ, ಯಾರದು ಅಂತ ಮಕ್ಕಳ ಮನೆಯವರಿಗೆ ನಾನು ಹೇಳ್ಬೇಕಲ್ಲಮ್ಮ" ಎಂದರು. ಬೈಯಲೂ ಇಲ್ಲ. ಸರಿಯಾದ ಮಾತೇ, ಕೊಟ್ಟು ಬಂದೆ. ಇನ್ನೊಂದು ಸಲ ಕೇಳಿದರೂ ನಡೆದದ್ದನ್ನೇ ಹೇಳುತ್ತೇನೆ. ಆದರೆ ನಾಳೆ ಬೆಳಗ್ಗೆ ಐದಕ್ಕೆ ಎಚ್ಚರವಾದಾಗ ಎಲ್ಲಿಗೆ ಹೋಗಲಿ ಎಂದು ಗೊತ್ತಾಗುತ್ತಿಲ್ಲ. ಮದುವೆಯಾದ ಈ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ನಿಮ್ಮನ್ನು ಬೇಗ ಬನ್ನಿ ಎಂದು ಕರೆದವಳಲ್ಲ. ಬೇಗ ಬನ್ನಿ.